ಮಗಳಿಗೆ ಮೆಕ್ಯಾನಿಕಲ್, ಮಗನಿಗೆ ನರ್ಸಿಂಗ್: ಒಬ್ಬ ತಾಯಿಯ ಪತ್ರಕ್ಕೆ ಉತ್ತರ

ಪ್ರಶ್ನೆ (ಸಂಕ್ಷೇಪಿಸಿದೆ): ನಾನು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಯಜಮಾನರು ಪಂಪ್‌ಸೆಟ್ ರಿಪೇರಿ ಮತ್ತು ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಮಗಳು ಈ ವರ್ಷ ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ 93 ಪ್ರತಿಶತ ಅಂಕ ಪಡೆದಿದ್ದಾಳೆ, ಸಿಇಟಿ ರ‍್ಯಾಂಕ್ ಕೂಡ ಚೆನ್ನಾಗಿದೆ. ಚಿಕ್ಕಂದಿನಿಂದ ಅಪ್ಪನ ಅಂಗಡಿಯಲ್ಲಿ ಪಾನಾ ಹಿಡಿದು ಬೆಳೆದವಳು, ಮೆಕ್ಯಾನಿಕಲ್ ಎಂಜಿನಿಯರಿಂಗೇ ಬೇಕು ಎನ್ನುತ್ತಾಳೆ. ಆದರೆ ಅದೇ ಅಪ್ಪ, ಹೆಣ್ಣುಮಕ್ಕಳಿಗೆ ಅದು ಒಗ್ಗುವುದಿಲ್ಲ, ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳಲಿ ಎಂದು ಹಟ ಹಿಡಿದಿದ್ದಾರೆ. ಮಗ ಹೊರಗಿನ ಊರಿನ ಹಾಸ್ಟೆಲ್ಲಿನಲ್ಲಿದ್ದು ಬಿ.ಇ. ಎರಡನೆಯ ವರ್ಷ ಓದುತ್ತಿದ್ದಾನೆ, ಐದು ಸಬ್ಜೆಕ್ಟ್ ಉಳಿದಿವೆ. ಅವನಿಗೆ ಓದಿನಲ್ಲಿ ಆಸಕ್ತಿಯೇ ಇಲ್ಲ. ದೀಪಾವಳಿಗೆ ಬಂದಾಗ ನರ್ಸಿಂಗ್ ಓದುತ್ತೇನೆ ಎಂದ, ಅವರಪ್ಪ ಬೈದರು, ಈಗ ಫೋನಿನಲ್ಲೂ ಸರಿಯಾಗಿ ಮಾತಾಡುವುದಿಲ್ಲ. ಹೆಣ್ಣು ಗಂಡುಗಳ ಬುದ್ಧಿ ಮತ್ತು ಸ್ವಭಾವ ಹುಟ್ಟಿನಿಂದಲೇ ಬೇರೆ ಎಂದು ಎಲ್ಲರೂ ಹೇಳುತ್ತಾರೆ. ಹಾಗಾದರೆ ನನ್ನ ಮಕ್ಕಳಿಬ್ಬರೂ ತಮಗೆ ಒಗ್ಗದ ದಾರಿ ಹಿಡಿಯಲು ಹೊರಟಿದ್ದಾರೆಯೇ? ನಾನು ಯಾರ ಮಾತು ಕೇಳಲಿ?

ಉತ್ತರ:

ಮೇಡಂ, ನಿಮ್ಮ ಪತ್ರ ಎರಡು ಪುಟಗಳಷ್ಟಿದೆ. ಅದರಲ್ಲಿ ಮಗಳ ವಿಷಯ ಒಂದೂವರೆ ಪುಟ, ಮಗನ ವಿಷಯ ಐದಾರು ಸಾಲು. ಕಾಲೇಜು ವಿದ್ಯಾರ್ಥಿಗಳ ಆಪ್ತಸಮಾಲೋಚನೆಯಲ್ಲಿ ಇಪ್ಪತ್ತೊಂದು ವರ್ಷ ಕಳೆದ ನನಗೆ ಹೆಚ್ಚು ಆತಂಕ ಹುಟ್ಟಿಸಿದ್ದು ಆ ಐದಾರು ಸಾಲುಗಳು. ಆದರೂ ನೀವು ಕೇಳಿದ ಕ್ರಮದಲ್ಲಿಯೇ ಉತ್ತರಿಸುತ್ತೇನೆ, ಏಕೆಂದರೆ ಇಬ್ಬರ ಸಮಸ್ಯೆಯ ಬೇರು ಒಂದೇ ಕಡೆ ಇದೆ.

ಮೊದಲು ‘ಬುದ್ಧಿಯೇ ಬೇರೆ’ ಎಂಬ ಮಾತು. ಅಮೆರಿಕದ ಮನೋವಿಜ್ಞಾನಿ ಜಾನೆಟ್ ಹೈಡ್ ಅವರು 2005ರಲ್ಲಿ, ಹೆಣ್ಣು ಗಂಡುಗಳ ವ್ಯತ್ಯಾಸದ ಮೇಲೆ ಅದುವರೆಗೆ ನಡೆದಿದ್ದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 46 ವಿಶ್ಲೇಷಣೆಗಳನ್ನು ಪರಿಶೀಲಿಸಿದರು. ಗಣಿತ, ಭಾಷೆ, ಆತ್ಮಗೌರವ, ನಾಯಕತ್ವ ಮುಂತಾದ ಅನೇಕ ಗುಣಗಳಲ್ಲಿ ಅಳೆದ ವ್ಯತ್ಯಾಸಗಳ ಪೈಕಿ 78 ಪ್ರತಿಶತ ತೀರ ಚಿಕ್ಕವು ಅಥವಾ ಇಲ್ಲವೇ ಇಲ್ಲ ಎನ್ನುವಷ್ಟು ಅಲ್ಪ ಎಂದು ಅವರಿಗೆ ಕಂಡುಬಂತು. ನಮ್ಮ ರಾಜ್ಯದ ಅನುಭವವೂ ಹುಡುಗಿಯರ ಬುದ್ಧಿಯ ಬಗ್ಗೆ ಅನುಮಾನಕ್ಕೆ ಎಡೆಗೊಡುವುದಿಲ್ಲ. 2024ರ ದ್ವಿತೀಯ ಪಿಯುಸಿ ಪರೀಕ್ಷೆ-1ರಲ್ಲಿ ಹುಡುಗಿಯರ ತೇರ್ಗಡೆ 84.87 ಪ್ರತಿಶತ, ಹುಡುಗರದು 76.98. ಉನ್ನತ ಶಿಕ್ಷಣಕ್ಕೆ ಸೇರುವುದರಲ್ಲಿಯೂ ಹುಡುಗಿಯರು ಹಿಂದುಳಿದಿಲ್ಲ: ಕೇಂದ್ರ ಶಿಕ್ಷಣ ಸಚಿವಾಲಯದ 2021-22ರ ಸಮೀಕ್ಷೆಯಲ್ಲಿ ದೇಶದ ಒಟ್ಟು ದಾಖಲಾತಿ ಅನುಪಾತ (ಕಾಲೇಜು ವಯಸ್ಸಿನ ನೂರು ಜನರಿಗೆ ಎಷ್ಟು ದಾಖಲಾತಿ ಎಂಬ ಲೆಕ್ಕ) ಹುಡುಗಿಯರಲ್ಲಿ 28.5, ಹುಡುಗರಲ್ಲಿ 28.3 ಇತ್ತು. ಅದೇ ವರ್ಷ ಪದವಿಯಿಂದ ಪಿಎಚ್.ಡಿ.ವರೆಗಿನ ವಿಜ್ಞಾನ ವಿಭಾಗದಲ್ಲಿ 29.8 ಲಕ್ಷ ಹುಡುಗಿಯರಿದ್ದರು, ಹುಡುಗರು 27.4 ಲಕ್ಷ. ಎಂಜಿನಿಯರಿಂಗಿಗೆ ಬಂದರೆ ಮಾತ್ರ ನೂರಕ್ಕೆ ಮೂವತ್ತು ಹುಡುಗಿಯರೂ ಸಿಗುವುದಿಲ್ಲ. ಭೌತಶಾಸ್ತ್ರದ ಬಿ.ಎಸ್ಸಿ. ಓದಬಲ್ಲ ತಲೆಗೆ ಯಂತ್ರಶಾಸ್ತ್ರ ಹತ್ತುವುದಿಲ್ಲ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ.

ಬುದ್ಧಿಯಲ್ಲಿ ಕಾಣದ ವ್ಯತ್ಯಾಸ ಆಸಕ್ತಿಯಲ್ಲಿ ಕಾಣುತ್ತದೆ ಎನ್ನುವುದನ್ನೂ ಅಷ್ಟೇ ನೇರವಾಗಿ ಹೇಳಬೇಕು. ರಾಂಗ್ ಸು, ಜೇಮ್ಸ್ ರೌಂಡ್ಸ್ ಮತ್ತು ಜೊತೆಗಾರರು 2009ರಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನರ ವೃತ್ತಿ ಆಸಕ್ತಿಯ ದತ್ತಾಂಶವನ್ನು ಒಟ್ಟು ಮಾಡಿದಾಗ, ಗಂಡಸರು ಸರಾಸರಿಯಲ್ಲಿ ವಸ್ತು ಮತ್ತು ಯಂತ್ರಗಳ ಕೆಲಸದ ಕಡೆಗೆ, ಹೆಂಗಸರು ಸರಾಸರಿಯಲ್ಲಿ ಜನರೊಡನೆ ಒಡನಾಡುವ ಕೆಲಸದ ಕಡೆಗೆ ಹೆಚ್ಚು ಒಲವು ತೋರುತ್ತಾರೆ ಎಂದು ತಿಳಿಯಿತು, ಮತ್ತು ಈ ಅಂತರ ಮನೋವಿಜ್ಞಾನದಲ್ಲಿ ಸಾಮಾನ್ಯವಾಗಿ ಸಿಗುವ ಅಂತರಗಳಿಗಿಂತ ದೊಡ್ಡದೇ ಆಗಿತ್ತು. ಇಷ್ಟನ್ನು ಮಾತ್ರ ಓದಿದವರು ‘ನೋಡಿ, ಹೇಳಿರಲಿಲ್ಲವೇ’ ಎನ್ನುತ್ತಾರೆ. ಆದರೆ ಆ ಅಂತರವನ್ನೇ ಲೆಕ್ಕ ಮಾಡಿ ನೋಡಿ: ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿಯನ್ನು ಚೀಟಿ ಎತ್ತಿದ ಹಾಗೆ ಆರಿಸಿ ಪಕ್ಕಪಕ್ಕ ನಿಲ್ಲಿಸುತ್ತ ಹೋದರೆ, ಹೆಚ್ಚುಕಡಿಮೆ ನಾಲ್ಕು ಜೋಡಿಗಳಲ್ಲಿ ಒಂದರಲ್ಲಿ ಯಂತ್ರಗಳ ಕಡೆಗಿನ ಒಲವು ಹುಡುಗಿಗೇ ಹೆಚ್ಚಿರುತ್ತದೆ. ನಾಲ್ಕಕ್ಕೆ ಒಂದು ಎನ್ನುವುದು ಅಪರೂಪವಲ್ಲ. ನಿಮ್ಮ ಮಗಳು ಆ ಒಂದರಲ್ಲಿ ಇದ್ದಾಳೆಯೇ ಎಂದು ತಿಳಿಯಲು ಜಗತ್ತಿನ ಸರಾಸರಿ ಬೇಕಾಗಿಲ್ಲ. ಹತ್ತು ವರ್ಷ ಅಂಗಡಿಯಲ್ಲಿ ಅವಳು ಏನು ಮಾಡಿದ್ದಾಳೆ ಎನ್ನುವುದು ನಿಮ್ಮ ಯಜಮಾನರ ಕಣ್ಣೆದುರಿಗೇ ಇದೆ. ಬೇರಿಂಗ್ ಹೋದ ಮೋಟಾರಿನ ಸದ್ದು ಕೇಳಿಯೇ ಗುರುತಿಸುತ್ತಾಳೆ ಎಂದು ನೀವು ಬರೆದಿದ್ದೀರಿ. ಯಾವ ಅಭಿರುಚಿ ಪರೀಕ್ಷೆಗಿಂತಲೂ ನಾನು ಆ ಒಂದು ಸಾಲಿಗೆ ಹೆಚ್ಚು ಬೆಲೆ ಕೊಡುತ್ತೇನೆ.

ಇನ್ನು ‘ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಸೈನ್ಸ್ ಒಗ್ಗುತ್ತದೆ’ ಎಂಬ ನಂಬಿಕೆ. ಇದು ಪ್ರಕೃತಿಯ ನಿಯಮವಾಗಿದ್ದರೆ ಎಲ್ಲ ದೇಶಗಳಲ್ಲಿಯೂ ಒಂದೇ ರೀತಿ ಇರಬೇಕಿತ್ತು. ಅಮೆರಿಕದಲ್ಲಿ 1984ರ ಸುಮಾರಿಗೆ ಕಂಪ್ಯೂಟರ್ ವಿಜ್ಞಾನದ ಪದವೀಧರರಲ್ಲಿ ಹೆಂಗಸರು 37 ಪ್ರತಿಶತದಷ್ಟು ಇದ್ದರು, ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಆ ಪ್ರಮಾಣ ಅರ್ಧಕ್ಕೆ ಇಳಿಯಿತು, ಅದು ‘ಗಂಡು ಹುಡುಗರ ಓದು’ ಎಂಬ ಭಾವನೆ ಅಲ್ಲಿ ಬಲವಾಗಿ ಬೇರೂರಿತು. ಅದೇ ಅವಧಿಯಲ್ಲಿ ಬೆಂಗಳೂರಿನಲ್ಲಿ ಅದೇ ವಿಷಯ, ಫ್ಯಾನಿನ ಕೆಳಗೆ ಕುಳಿತು ಮಾಡುವ, ಕಂಪನಿಯ ಕ್ಯಾಬಿನಲ್ಲಿ ಮನೆ ಸೇರುವ, ಮದುವೆಯ ಮಾರುಕಟ್ಟೆಯಲ್ಲಿಯೂ ಸಲ್ಲುವ ‘ಹೆಣ್ಣುಮಕ್ಕಳಿಗೆ ತಕ್ಕ ಓದು’ ಆಯಿತು. ಎರಡು ಪೀಳಿಗೆಯೊಳಗೆ ಒಂದು ದೇಶದಲ್ಲಿ ಹೀಗೆ, ಇನ್ನೊಂದರಲ್ಲಿ ಹಾಗೆ ಆಗಬೇಕಾದರೆ ಬದಲಾದದ್ದು ಮಿದುಳಲ್ಲ, ಕೆಲಸದ ಸುತ್ತಲಿನ ಏರ್ಪಾಡು. ನಿಮ್ಮ ಯಜಮಾನರು ‘ಒಗ್ಗುವುದಿಲ್ಲ’ ಎಂದಾಗ ಅವರ ಮನಸ್ಸಿನಲ್ಲಿ ಇರುವುದೂ ಈ ಏರ್ಪಾಡೇ ಇರಬೇಕು: ಒಬ್ಬಳೇ ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತಿಗೆ ಬರಬೇಕು, ಜೊತೆಗೆ ಯಾರಿರುತ್ತಾರೆ. ಆ ಆತಂಕ ಸುಳ್ಳಲ್ಲ. ಅದನ್ನು ‘ಹೆಣ್ಣಿನ ಸ್ವಭಾವ’ ಎಂಬ ಹೆಸರಿನಲ್ಲಿ ಹೇಳಿದಾಗ ಮಾತ್ರ ಮಗಳಿಗೆ ತನ್ನಲ್ಲಿಯೇ ಏನೋ ಕೊರತೆ ಇದೆ ಎಂದು ಕೇಳಿಸುತ್ತದೆ.

ಕಾಲೇಜಿನಲ್ಲಿ ಹುಡುಗ ಹುಡುಗಿಯರ ನಡವಳಿಕೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲವೇ ಎಂದು ನೀವು ಕೇಳಬಹುದು. ಕಾಣುತ್ತದೆ, ಪ್ರತಿದಿನ ಕಾಣುತ್ತದೆ. ಹುಡುಗಿಯರ ಹಾಜರಾತಿ ತುಂಬಿರುತ್ತದೆ, ಲ್ಯಾಬ್ ರೆಕಾರ್ಡು ಹೇಳಿದ ದಿನಕ್ಕೆ ಮೇಜಿನ ಮೇಲೆ ಬರುತ್ತದೆ, ಇಂಟರ್ನಲ್ಸ್‌ಗೆ ಅವರು ಕಡೆಯ ರಾತ್ರಿಯವರೆಗೆ ಕಾಯುವುದಿಲ್ಲ. ಹುಡುಗರಲ್ಲಿ ಬಹಳಷ್ಟು ಮಂದಿ ಪರೀಕ್ಷೆಗೆ ಹತ್ತು ದಿನ ಇರುವಾಗ ಪುಸ್ತಕ ಹುಡುಕುತ್ತಾರೆ. ನಾನು ವೃತ್ತಿಯ ಮೊದಲ ಕೆಲವು ವರ್ಷ ಇದನ್ನು ಹುಡುಗಿಯರ ಶಿಸ್ತು, ಹುಡುಗರ ಸೋಮಾರಿತನ ಎಂದೇ ತಿಳಿದಿದ್ದೆ. ನನ್ನ ಕಣ್ಣು ತೆರೆಸಿದ್ದು ಬಿ.ಎಸ್ಸಿ. ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ. ಒಂದು ವಿಷಯದಲ್ಲಿ ನಾಲ್ಕು ಅಂಕ ಕಡಿಮೆಯಾಗಿ ಫೇಲಾಗಿದ್ದ ಅವಳು ನನ್ನ ಕೋಣೆಯಲ್ಲಿ ಕುಳಿತು ಅಳುತ್ತಿದ್ದಳು. ಮರುಪರೀಕ್ಷೆ ಇದೆಯಲ್ಲ, ಇಷ್ಟೇಕೆ ಅಳುತ್ತೀ ಎಂದಾಗ ಅವಳು, ‘ಸರ್, ಒಂದು ಸಬ್ಜೆಕ್ಟ್ ಹೋದರೂ ಓದು ಸಾಕು ಅಂತಾರ, ಮನ್ಯಾಗ ಗಂಡು ನೋಡಿ ಇಟ್ಟಾರ’ ಎಂದಳು. ಅಂದಿನಿಂದ ನಾನು ಹುಡುಗಿಯರ ಅಂಕಪಟ್ಟಿಯನ್ನು ಬೇರೆ ಕಣ್ಣಿನಿಂದ ಓದುತ್ತೇನೆ. ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಹುಡುಗಿಯ ಓದಿಗೆ ಪ್ರತಿ ಸೆಮಿಸ್ಟರಿಗೆ ಪರವಾನಗಿ ನವೀಕರಿಸಬೇಕಾಗುತ್ತದೆ, ಅಂಕವೇ ಆ ಪರವಾನಗಿ. ಹುಡುಗನಿಗೆ ಹಾಗಿಲ್ಲ. ಅವನು ಎರಡು ವರ್ಷ ತಡವಾಗಿ ಪಾಸಾದರೂ ಓದು ನಿಲ್ಲಿಸು ಎನ್ನುವವರಿಲ್ಲ, ಆದರೆ ಕೊನೆಗೆ ಮನೆಯ ಸಾಲ, ತಂಗಿಯ ಮದುವೆ, ವಯಸ್ಸಾದ ತಂದೆ ತಾಯಿ ಎಲ್ಲವೂ ತನ್ನ ಹೆಗಲಿಗೆ ಎಂದು ಅವನಿಗೆ ಗೊತ್ತಿರುತ್ತದೆ. ಒಬ್ಬಳಿಗೆ ಇವತ್ತು ಸೋಲುವಂತಿಲ್ಲ, ಇನ್ನೊಬ್ಬನಿಗೆ ನಾಳೆ ಸೋಲುವಂತಿಲ್ಲ. ಇಬ್ಬರ ನಡವಳಿಕೆ ಬೇರೆಯಾಗಲು ಇದೊಂದೇ ಕಾರಣವಲ್ಲ, ಆದರೆ ನಾನು ಕಂಡ ಕಾರಣಗಳಲ್ಲಿ ಇದಕ್ಕಿಂತ ಬಲವಾದದ್ದು ಇನ್ನೊಂದಿಲ್ಲ.

ಇದರ ಜೊತೆಗೆ ಆತ್ಮವಿಶ್ವಾಸದ ವ್ಯತ್ಯಾಸವೊಂದಿದೆ. ಸಮಾಜಶಾಸ್ತ್ರಜ್ಞೆ ಶೆಲ್ಲಿ ಕೊರೆಲ್ 2001ರಲ್ಲಿ ಅಮೆರಿಕದ ವಿದ್ಯಾರ್ಥಿಗಳ ಬಗ್ಗೆ ತೋರಿಸಿದಂತೆ, ಗಣಿತದಲ್ಲಿ ಒಂದೇ ಮಟ್ಟದ ಅಂಕ ಪಡೆದ ಹುಡುಗ ಹುಡುಗಿಯರಲ್ಲಿ ಹುಡುಗ ತಾನು ಗಣಿತದಲ್ಲಿ ಚುರುಕು ಎಂದು ತಿಳಿಯುವ ಸಾಧ್ಯತೆ ಹೆಚ್ಚು, ಮುಂದೆ ಯಾವ ವಿಷಯ ಆರಿಸಿಕೊಳ್ಳುತ್ತಾರೆ ಎಂಬುದರ ಮೇಲೆ ಈ ತಿಳಿವಳಿಕೆಯ ಪ್ರಭಾವವೂ ಇರುತ್ತದೆ. ನನ್ನ ಕೋಣೆಯಲ್ಲಿ ಇದು ಇನ್ನೊಂದು ರೂಪದಲ್ಲಿ ಕಾಣುತ್ತದೆ: 85 ಅಂಕದ ಹುಡುಗಿ ‘ಈ ಕೆಲಸಕ್ಕೆ ಅರ್ಜಿ ಹಾಕಲೇ ಸರ್’ ಎಂದು ಕೇಳಲು ಬರುತ್ತಾಳೆ, 60 ಅಂಕದ ಹುಡುಗ ಅರ್ಜಿ ಹಾಕಿ ಆದ ಮೇಲೆ ಸಹಿಗೆ ಬರುತ್ತಾನೆ. ನಿಮ್ಮ ಮಗಳಿಗೆ ಈ ಅಳುಕು ಸದ್ಯಕ್ಕೆ ಇಲ್ಲ. ಅದನ್ನು ಹುಟ್ಟಿಸುವ ಕೆಲಸ ಮನೆಯಿಂದ ಆಗದಿರಲಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಈಗ ಮಗಳ ಆಯ್ಕೆಗಳಿಗೆ ಬರೋಣ. ಮೆಕ್ಯಾನಿಕಲ್ ಬೇಡ ಎನ್ನಲು ನಿಮ್ಮ ಯಜಮಾನರು ಹೇಳದೆ ಉಳಿದ ಒಂದು ಕಾರಣವಿದೆ, ಅದನ್ನು ನಾನೇ ಹೇಳುತ್ತೇನೆ, ಏಕೆಂದರೆ ಅದು ಹುಡುಗರಿಗೂ ಅನ್ವಯಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ರಾಜ್ಯದ ಅನೇಕ ಕಾಲೇಜುಗಳಲ್ಲಿ ಮೆಕ್ಯಾನಿಕಲ್ ಮತ್ತು ಸಿವಿಲ್ ಸೀಟುಗಳು ತುಂಬದೆ ಉಳಿಯುತ್ತಿವೆ, ಕಂಪ್ಯೂಟರ್ ಸೈನ್ಸ್ ಸೀಟುಗಳು ಹೆಚ್ಚುತ್ತಲೇ ಇವೆ. ಕ್ಯಾಂಪಸ್‌ಗೆ ಬರುವ ಸಾಫ್ಟ್‌ವೇರ್ ಕಂಪನಿಗಳು ಹೆಚ್ಚು, ಅವುಗಳ ಆರಂಭದ ಸಂಬಳವೂ ಸಾಮಾನ್ಯವಾಗಿ ಹೆಚ್ಚು. ಮೆಕ್ಯಾನಿಕಲ್ ಓದಿದವರಲ್ಲಿ ಎಷ್ಟೋ ಮಂದಿ ಕಡೆಗೆ ಸಾಫ್ಟ್‌ವೇರ್ ಕೆಲಸಕ್ಕೇ ಹೋಗುತ್ತಾರೆ. ಆದ್ದರಿಂದ ಈ ಓದನ್ನು ಆರಿಸುವವರು ಒಳ್ಳೆಯ ಕಾಲೇಜು ಸಿಕ್ಕರೆ ಮಾತ್ರ ಆರಿಸಬೇಕು ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ವರ್ಕ್‌ಶಾಪ್‌ನ ಯಂತ್ರಗಳು ನಿಜವಾಗಿ ಓಡುತ್ತವೆಯೇ, ಹಿಂದಿನ ಮೂರು ವರ್ಷ ಆ ವಿಭಾಗದವರಿಗೆ ಯಾವ ಕಂಪನಿಗಳಲ್ಲಿ ಯಾವ ಹುದ್ದೆ ಸಿಕ್ಕಿತು ಎನ್ನುವುದನ್ನು ಕಾಲೇಜಿನ ಕರಪತ್ರದಿಂದಲ್ಲ, ಅಲ್ಲಿ ಕೊನೆಯ ವರ್ಷ ಓದುತ್ತಿರುವ ಇಬ್ಬರು ವಿದ್ಯಾರ್ಥಿಗಳಿಂದ ಕೇಳಿ ತಿಳಿದುಕೊಳ್ಳಿ. ಸಾಧ್ಯವಾದರೆ ಅವರಲ್ಲಿ ಒಬ್ಬಳು ಹುಡುಗಿಯಾಗಿರಲಿ.

ಅವಳು ಕೇಳಿದ್ದೇ ಸಿಕ್ಕಿತು ಎಂದುಕೊಳ್ಳಿ. ಅರವತ್ತು ಜನರ ತರಗತಿಯಲ್ಲಿ ಮೂವರೋ ನಾಲ್ವರೋ ಹುಡುಗಿಯರಿರುತ್ತಾರೆ. ತಂಡವಾಗಿ ಪ್ರಾಜೆಕ್ಟ್ ಮಾಡುವಾಗ ವೆಲ್ಡಿಂಗ್, ಲೇತ್, ಜೋಡಣೆ ಹುಡುಗರ ಪಾಲಿಗೆ, ವರದಿ ಬರೆಯುವುದು, ಸ್ಲೈಡ್ ಮಾಡುವುದು ಹುಡುಗಿಯರ ಪಾಲಿಗೆ ಎಂದು ಯಾರೂ ಹೇಳದೆಯೇ ಹಂಚಿಕೆಯಾಗಿಬಿಡುತ್ತದೆ, ನಾಲ್ಕು ವರ್ಷದ ಕೊನೆಗೆ ಅವಳ ಅಂಕ ಹೆಚ್ಚು, ಕೈ ಹಿಡಿತ ಕಡಿಮೆ. ಅಪ್ಪನ ಅಂಗಡಿಯಲ್ಲಿ ಬೆಳೆದವಳಿಗೆ ಇದು ಆಗಬಾರದು, ಯಂತ್ರದ ಬಳಿ ನಿಲ್ಲುವ ಸರದಿಯನ್ನು ಬಿಟ್ಟುಕೊಡಬೇಡ ಎಂದು ಅವಳ ಅಪ್ಪನೇ ಹೇಳಿಕಳಿಸಲಿ. ಇನ್ನೊಂದು, ಹಾಸ್ಟೆಲ್. ಹುಡುಗಿಯರ ಹಾಸ್ಟೆಲ್ಲಿನ ಗೇಟು ಸಂಜೆ ಆರೂವರೆಗೋ ಏಳಕ್ಕೋ ಮುಚ್ಚುವ ಕಾಲೇಜುಗಳಲ್ಲಿ ಲೈಬ್ರರಿ ಒಂಬತ್ತರವರೆಗೆ ತೆರೆದಿದ್ದರೂ ಅವಳಿಗೆ ಅದು ಇದ್ದೂ ಇಲ್ಲದಂತೆ. ವಾಹನ ವಿನ್ಯಾಸದ ಸ್ಪರ್ಧೆಗೆ ತಂಡಗಳು ತಯಾರಾಗುವುದು ರಾತ್ರಿಯಲ್ಲಿಯೇ. ಸೀಟು ಆರಿಸುವಾಗ ಬಹುತೇಕ ಪಾಲಕರು ಗೇಟು ಬೇಗ ಮುಚ್ಚುವ ಹಾಸ್ಟೆಲ್ಲನ್ನು ಹುಡುಕುತ್ತಾರೆ. ರಾತ್ರಿ ಕ್ಯಾಂಪಸ್ಸಿನೊಳಗೆ ದೀಪ, ಕಾವಲು, ಲ್ಯಾಬಿನಿಂದ ಹಾಸ್ಟೆಲ್ಲಿಗೆ ಮರಳುವ ವ್ಯವಸ್ಥೆ ಇರುವ ಕಾಲೇಜನ್ನು ಹುಡುಕಿ ಎನ್ನುತ್ತೇನೆ.

ದೂರದ ಪ್ರಶ್ನೆಯೂ ಇದಕ್ಕೆ ಸೇರಿದ್ದು. ಅರ್ಥಶಾಸ್ತ್ರಜ್ಞೆ ಗಿರಿಜಾ ಬೋರ್ಕರ್ ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ, ದಾರಿ ಸುರಕ್ಷಿತವಾಗಿದೆ ಎಂಬ ಒಂದೇ ಕಾರಣಕ್ಕೆ ಹುಡುಗಿಯರು ತಮ್ಮ ಅಂಕಕ್ಕೆ ಸಿಗುತ್ತಿದ್ದ ಉತ್ತಮ ಕಾಲೇಜನ್ನು ಬಿಟ್ಟು ಅದಕ್ಕಿಂತ ಕಡಿಮೆ ಮಟ್ಟದ ಕಾಲೇಜಿಗೆ ಸೇರಲು ಹುಡುಗರಿಗಿಂತ ಬಹಳ ಹೆಚ್ಚು ಸಿದ್ಧರಿರುವುದು ಕಂಡುಬಂತು. ಹೊರಗಿನಿಂದ ನೋಡುವವರಿಗೆ ಅದು ಹುಡುಗಿಯ ‘ಆಯ್ಕೆ’ಯಂತೆ ಕಾಣುತ್ತದೆ. ನಮ್ಮಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚು ಉಳಿಯಿತು, ಓದುವ ಹುಡುಗಿಯರಿಗೆ ಅದು ದೊಡ್ಡ ಸಹಾಯ. ಆದರೆ ಕೊನೆಯ ಬಸ್ಸು ಎಷ್ಟು ಗಂಟೆಗೆ, ನಿಲ್ದಾಣದಿಂದ ಮನೆಯವರೆಗೆ ಬೀದಿದೀಪ ಇದೆಯೇ ಎಂಬ ಪ್ರಶ್ನೆ ಹಾಗೆಯೇ ಇದೆ. ದಿನವೂ ಓಡಾಡುವುದಾದರೆ ನೀವಿಬ್ಬರೂ ಒಂದು ಸಂಜೆ ಅದೇ ಬಸ್ಸಿನಲ್ಲಿ ಹೋಗಿ ಬನ್ನಿ, ನಿರ್ಧಾರ ಸುಲಭವಾಗುತ್ತದೆ.

ಕೆಲಸಕ್ಕೆ ಸೇರಿದ ಮೇಲೆ ಶಾಪ್‌ಫ್ಲೋರ್, ಅಂದರೆ ಕಾರ್ಖಾನೆಯಲ್ಲಿ ಯಂತ್ರಗಳು ಓಡುವ ಜಾಗ, ಮತ್ತು ಶಿಫ್ಟು ಎದುರಾಗುತ್ತವೆ. 1948ರ ಕಾರ್ಖಾನೆಗಳ ಕಾಯಿದೆಯ 66ನೆಯ ಕಲಮು ಹೆಂಗಸರನ್ನು ಬೆಳಿಗ್ಗೆ 6ರಿಂದ ಸಂಜೆ 7ರ ಹೊರಗೆ ಕಾರ್ಖಾನೆಯಲ್ಲಿ ದುಡಿಸುವಂತಿಲ್ಲ ಎಂದಿತ್ತು. ಕರ್ನಾಟಕ 2023ರಲ್ಲಿ ಈ ಕಾಯಿದೆಗೆ ತಿದ್ದುಪಡಿ ತಂದು ಸುರಕ್ಷತೆಯ ಷರತ್ತುಗಳೊಡನೆ ರಾತ್ರಿ ಪಾಳಿಗೆ ಅವಕಾಶ ಕೊಟ್ಟಿತು. ಇಲ್ಲಿ ನಿಮ್ಮ ಯಜಮಾನರೊಡನೆ ಒಂದು ಮಾತು ಆಡಬೇಕೆನಿಸುತ್ತದೆ. ಕಾರ್ಖಾನೆಯ ರಾತ್ರಿ ಪಾಳಿ ಹೆಣ್ಣಿಗೆ ಸಲ್ಲದು ಎಂದು ಕಾನೂನೇ ಹೇಳುತ್ತಿದ್ದ ಆ ದಶಕಗಳಲ್ಲಿಯೂ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ರಾತ್ರಿಯಿಡೀ ಎಚ್ಚರವಿದ್ದು ನಮ್ಮನ್ನು ನೋಡಿಕೊಂಡವರು ನರ್ಸಮ್ಮಂದಿರು. ರಾತ್ರಿ ಅದೇ, ಹೆಣ್ಣೂ ಅವಳೇ. ಸೇವೆಯ ಕೆಲಸಕ್ಕೆ ರಾತ್ರಿ ಅಡ್ಡಬರಲಿಲ್ಲ, ಯಂತ್ರದ ಕೆಲಸಕ್ಕೆ ಅಡ್ಡ ಬಂತು. ಹಾಗೆಂದು ಅಪಾಯವಿಲ್ಲವೆಂದಲ್ಲ. ಕೆಲಸ ಒಪ್ಪುವ ಮುನ್ನ ಸಾಗಣೆ, ಶೌಚಾಲಯ, ಅದೇ ಪಾಳಿಯಲ್ಲಿ ಇನ್ನೆಷ್ಟು ಹೆಂಗಸರಿದ್ದಾರೆ, 2013ರ ಕಾಯಿದೆಯಂತೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇದೆಯೇ ಎಂದು ಕೇಳುವುದು ಅವಳ ಹಕ್ಕು. ಶಾಪ್‌ಫ್ಲೋರ್ ಬೇಡವೆನಿಸಿದರೆ ವಿನ್ಯಾಸ, ವಿಶ್ಲೇಷಣೆ, ಗುಣಮಟ್ಟ ಪರಿಶೀಲನೆ, ವೈಮಾನಿಕ ಕ್ಷೇತ್ರದ ಕೆಲಸಗಳು ಬೆಂಗಳೂರಿನಲ್ಲಿ ಸಾಕಷ್ಟಿವೆ. ರಾಜ್ಯ ಸರ್ಕಾರದ ಎಂಜಿನಿಯರ್ ಹುದ್ದೆಗಳಲ್ಲಿ ಮಹಿಳಾ ಮೀಸಲಾತಿಯೂ ಇದೆ.

ನಡುವಿನ ದಾರಿಯೊಂದನ್ನು ನಾನು ಹಲವು ಮನೆಗಳಿಗೆ ಸೂಚಿಸಿದ್ದೇನೆ: ಒಳ್ಳೆಯ ಕಾಲೇಜಿನ ಎಲೆಕ್ಟ್ರಿಕಲ್, ಅಥವಾ ಯಂತ್ರ ಮತ್ತು ಎಲೆಕ್ಟ್ರಾನಿಕ್ಸ್ ಎರಡೂ ಕೂಡಿದ ಮೆಕ್ಯಾಟ್ರಾನಿಕ್ಸ್. ಮೋಟಾರಿನ ಸುರುಳಿ ಸುತ್ತುವುದನ್ನು ನೋಡುತ್ತ ಬೆಳೆದವಳಿಗೆ ಇದು ಹೊರಗಿನದಲ್ಲ, ಕೆಲಸದ ಬಾಗಿಲುಗಳೂ ಹೆಚ್ಚು. ಆದರೆ ಇದನ್ನು ಅವಳು ತಾನಾಗಿ ಒಪ್ಪಿದರೆ ಮಾತ್ರ. ಅಪ್ಪನಿಗೆ ಸೋತು ಒಪ್ಪಿದರೆ ಎರಡನೆಯ ಸೆಮಿಸ್ಟರಿನಲ್ಲಿಯೇ ಗೊತ್ತಾಗುತ್ತದೆ, ನಿಮ್ಮ ಮನೆಯಲ್ಲಿ ಅದರ ಉದಾಹರಣೆ ಈಗಾಗಲೇ ಇದೆ. ಕಂಪ್ಯೂಟರ್ ಸೈನ್ಸ್ ಕೆಟ್ಟ ಆಯ್ಕೆಯಲ್ಲ, ಇಷ್ಟವಿಲ್ಲದವಳಿಗೆ ಕೊಟ್ಟಾಗ ಕೆಟ್ಟದ್ದಾಗುತ್ತದೆ. ಹಣದ ವಿಷಯದಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ಪ್ರಗತಿ ವಿದ್ಯಾರ್ಥಿವೇತನಕ್ಕೆ ಮೊದಲ ವರ್ಷದಲ್ಲಿಯೇ ಅರ್ಜಿ ಹಾಕಿಸಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದಿದ್ದರೆ ತಾಂತ್ರಿಕ ಪದವಿಗೆ ಸೇರಿದ ಹುಡುಗಿಯರು ಅರ್ಹರು, ಆಯ್ಕೆಯಾದರೆ ವರ್ಷಕ್ಕೆ 50,000 ರೂಪಾಯಿ ಸಿಗುತ್ತದೆ.

ಒಂದು ಹಳೆಯ ಸಂಗತಿಯನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿ ಹುಟ್ಟಿದ್ದು 1922ರಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ, ಪಿಎಚ್.ಡಿ. ಮುಗಿಸಿ 1953ರಲ್ಲಿ ಅದೇ ಸಂಸ್ಥೆಗೆ ಅಧ್ಯಾಪಕಿಯಾಗಿ ಮರಳಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು, ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ದುಡಿದವರು. ಮೊಮ್ಮಗಳ ಬುದ್ಧಿ ದೊಡ್ಡದೇ, ಆದರೆ ಮನೆಯಲ್ಲಿ ಅಂಥ ಅಜ್ಜಿ ಇದ್ದದ್ದರಿಂದ ಅವರ ದಾರಿ ಎಷ್ಟು ಸುಗಮವಾಗಿರಬೇಕು ಎಂದು ನಾನು ಯೋಚಿಸುತ್ತಿರುತ್ತೇನೆ.

ಇನ್ನು ನಿಜವಾಗಿ ಭಾರವಾದ ಲೆಕ್ಕ ಒಂದಿದೆ, ಅದು ಬ್ರಾಂಚ್ ಯಾವುದೇ ಆದರೂ ತಪ್ಪದು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕಳೆಯುತ್ತಾರೆ, ಗಂಡಸರು 88 ನಿಮಿಷ. ಕಾರ್ಮಿಕ ಬಲ ಸಮೀಕ್ಷೆಯಲ್ಲಿ 2023-24ರಲ್ಲಿ ಹದಿನೈದು ವರ್ಷ ಮತ್ತು ಮೇಲ್ಪಟ್ಟ ಗಂಡಸರಲ್ಲಿ ದುಡಿಯುವವರು ಅಥವಾ ಕೆಲಸ ಹುಡುಕುವವರು 78.8 ಪ್ರತಿಶತ, ಹೆಂಗಸರಲ್ಲಿ 41.7. ಕಾಲೇಜಿನಲ್ಲಿ ಸರಿಸಮನಾಗಿ ಇದ್ದವರು ಕೆಲಸದ ಜಗತ್ತಿನಲ್ಲಿ ಇಷ್ಟು ಅಂತರಕ್ಕೆ ಬರುವುದರ ದೊಡ್ಡ ಕಾರಣ ಆ 289 ನಿಮಿಷಗಳಲ್ಲಿದೆ. ಹುಡುಗಿಯರು ಹತ್ತೊಂಬತ್ತನೆಯ ವಯಸ್ಸಿನಲ್ಲಿಯೇ ಇದನ್ನು ಲೆಕ್ಕ ಹಾಕಿರುತ್ತಾರೆ. ‘ಸರ್, ಬಿ.ಎಡ್. ಆದರೆ ಸಂಜೆ ಐದಕ್ಕೆ ಮನೆಗೆ ಬರಬಹುದು’ ಎನ್ನುವ ಹುಡುಗಿ ಮಕ್ಕಳಿಗೆ ಕಲಿಸುವ ಪ್ರೀತಿಯಿಂದಲೇ ಹಾಗೆ ಹೇಳುತ್ತಿದ್ದಾಳೆ ಎಂದು ಹೇಳಲಾಗದು, ಇನ್ನೂ ಆಗದ ಮದುವೆಯ, ಇನ್ನೂ ಹುಟ್ಟದ ಮಕ್ಕಳ ವೇಳಾಪಟ್ಟಿಗೆ ಹೊಂದುವ ಕೆಲಸವನ್ನು ಅವಳು ಆರಿಸುತ್ತಿದ್ದಾಳೆ. ಶಿಕ್ಷಕಿಯಾದ ನಿಮಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ನಿಮ್ಮ ಮಗಳ ಮದುವೆಯ ಮಾತು ಬಂದಾಗ ಸಂಬಳ, ಹೊಲ, ಮನೆ ವಿಚಾರಿಸುವ ಹಾಗೆ, ಅವಳ ಕೆಲಸದ ಬಗ್ಗೆ ಆ ಮನೆಯವರ ಮಾತೇನು ಎನ್ನುವುದನ್ನೂ ಮೊದಲೇ ಬಾಯಿಬಿಟ್ಟು ಕೇಳಿ.

ಈಗ ಆ ಐದಾರು ಸಾಲುಗಳು.

‘ಅವನಿಗೆ ಓದಿನಲ್ಲಿ ಆಸಕ್ತಿಯೇ ಇಲ್ಲ’ ಎಂದು ಬರೆದಿದ್ದೀರಿ. ಅದರ ಮುಂದಿನ ಸಾಲಿನಲ್ಲಿಯೇ, ಅಜ್ಜನಿಗೆ ಪಾರ್ಶ್ವವಾಯು ಆಗಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದ ಇಪ್ಪತ್ತು ದಿನವೂ ರಾತ್ರಿ ಅವನೇ ಉಳಿದಿದ್ದ, ಮಗ್ಗುಲು ಹೊರಳಿಸುವುದು, ನಳಿಗೆಯಲ್ಲಿ ಅನ್ನದ ಗಂಜಿ ಹಾಕುವುದನ್ನು ನರ್ಸುಗಳಿಂದ ಕಲಿತು ಮಾಡಿದ ಎಂದೂ ಬರೆದಿದ್ದೀರಿ. ಆಸಕ್ತಿ ಇಲ್ಲದವನು ಹೀಗೆ ಮಾಡುವುದಿಲ್ಲ. ಅವನ ಆಸಕ್ತಿ ಇರುವ ಕಡೆಗೆ ಯಾರೂ ನೋಡಿಲ್ಲ, ಅಷ್ಟೇ. ಹುಡುಗಿಯೊಬ್ಬಳು ಗಂಡಸರ ಕೆಲಸಕ್ಕೆ ಹೊರಟರೆ ಕೆಲವರಾದರೂ ಭೇಷ್ ಎನ್ನುತ್ತಾರೆ. ಹುಡುಗನೊಬ್ಬ ಹೆಂಗಸರದ್ದೆನಿಸಿಕೊಂಡ ಕೆಲಸಕ್ಕೆ ಹೊರಟರೆ ಬೆನ್ನು ತಟ್ಟುವವರು ಸಿಗುವುದು ಕಷ್ಟ, ನಗುವವರು ಬಹಳ. ಮಗಳ ಆಯ್ಕೆಗೆ ಅಡ್ಡವಾಗಿ ನಿಂತ ‘ಗಂಡು ಕೆಲಸ, ಹೆಣ್ಣು ಕೆಲಸ’ ಎಂಬ ಗೋಡೆಯೇ ಮಗನಿಗೂ ಅಡ್ಡ ನಿಂತಿದೆ.

ಆಸ್ಪತ್ರೆಗಳಲ್ಲಿ ‘ಬ್ರದರ್’ ಎಂದು ಕರೆಯುವ ಗಂಡು ನರ್ಸುಗಳ ಅಗತ್ಯ ತುರ್ತು ಚಿಕಿತ್ಸೆ, ಐಸಿಯು, ಡಯಾಲಿಸಿಸ್, ಮೂಳೆ ಮತ್ತು ಮನೋರೋಗ ವಿಭಾಗಗಳಲ್ಲಿ ಸದಾ ಇದೆ, ಸರ್ಕಾರಿ ಶುಶ್ರೂಷಾಧಿಕಾರಿ ಹುದ್ದೆ ಗೌರವದ್ದೂ ಭದ್ರವಾದದ್ದೂ ಹೌದು, ವಿದೇಶದ ದಾರಿಯೂ ಇದೆ. ಕಷ್ಟಗಳನ್ನೂ ಕೇಳಿ. ಸಣ್ಣ ಖಾಸಗಿ ಆಸ್ಪತ್ರೆಗಳಲ್ಲಿ ಆರಂಭದ ಸಂಬಳ ಬಹಳ ಕಡಿಮೆ, ಪಾಳಿ ದೀರ್ಘ. ಏಮ್ಸ್ ಸಂಸ್ಥೆಗಳ ನರ್ಸಿಂಗ್ ಆಫೀಸರ್ ನೇಮಕಾತಿಯಲ್ಲಿ 80 ಪ್ರತಿಶತ ಹುದ್ದೆ ಹೆಂಗಸರಿಗೆ, 20 ಗಂಡಸರಿಗೆ ಎಂದು 2019ರಲ್ಲಿ ನಿರ್ಧಾರವಾಯಿತು, ಅಂದರೆ ಕೆಲವು ದೊಡ್ಡ ಬಾಗಿಲುಗಳು ಅವನಿಗೆ ಕಿರಿದಾಗಿಯೇ ಇರುತ್ತವೆ. ನರ್ಸಿಂಗ್ ಕಾಲೇಜು ಆರಿಸುವಾಗ ರಾಜ್ಯ ಮತ್ತು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ, ಮತ್ತು ತರಬೇತಿಗೆ ರೋಗಿಗಳು ತುಂಬಿರುವ ಆಸ್ಪತ್ರೆ, ಈ ಮೂರನ್ನೂ ಕಣ್ಣಾರೆ ನೋಡದೆ ಹಣ ಕಟ್ಟಬೇಡಿ. ಅವನು ಪಿಯುಸಿಯಲ್ಲಿ ಜೀವಶಾಸ್ತ್ರ ಓದಿರುವುದರಿಂದ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಬಾಗಿಲು ಮುಚ್ಚಿಲ್ಲ.

ಇನ್ನೊಂದು ದಾರಿ, ಉಳಿದ ವಿಷಯಗಳನ್ನು ಮುಗಿಸಿ ಬಿ.ಇ. ಪೂರೈಸುವುದು. ಅವನು ಓದಲಾರದೆ ಸೋತಿದ್ದಾನೆಯೇ, ಮನಸ್ಸಿಲ್ಲದೆ ಸೋತಿದ್ದಾನೆಯೇ ಎನ್ನುವುದು ತಿಳಿಯದೆ ಇದನ್ನು ನಿರ್ಧರಿಸಲಾಗದು. ಎರಡು ವರ್ಷದ ಫೀಸು ವ್ಯರ್ಥವಾಗುತ್ತದೆ ಎಂಬ ಕಾರಣಕ್ಕೆ ಉಳಿದ ವರ್ಷಗಳ ಫೀಸನ್ನೂ ಕಟ್ಟುವುದು ಉಳಿತಾಯವಲ್ಲ. ಬಿಡುವುದೇ ಆದರೆ ಮೂಲ ಅಂಕಪಟ್ಟಿಗಳನ್ನು ಕಾಲೇಜು ಒತ್ತೆಯಾಗಿ ಇಟ್ಟುಕೊಳ್ಳುವಂತಿಲ್ಲ ಎಂದು ಎಐಸಿಟಿಇ ನಿಯಮವಿದೆ, ಅದನ್ನು ಲಿಖಿತವಾಗಿ ಕೇಳಿ.

ಆದರೆ ಕೋರ್ಸಿನ ಮಾತು ಆಮೇಲಿನದು. ನನ್ನ ಕೋಣೆಗೆ ಹುಡುಗಿಯರು ಗೆಳತಿಯರ ಜೊತೆ ಮೊದಲೇ ಬರುತ್ತಾರೆ. ಹುಡುಗರು ಬರುವುದು ಹಾಜರಾತಿ ಕೊರತೆಯ ನೋಟಿಸು ಸಿಕ್ಕ ಮೇಲೆ, ಒಬ್ಬರೇ, ಬಾಗಿಲ ಬಳಿ ನಿಂತುಕೊಂಡು. ಗಂಡು ಹುಡುಗ ಅಳಬಾರದು, ಕೇಳಬಾರದು ಎಂದು ಕಲಿಸಿದ್ದರ ಫಲ ಅದು. ಬೈಸಿಕೊಂಡ ಮೇಲೆ ಅವನು ತಿಂಗಳುಗಟ್ಟಲೆ ಮೌನವಾಗಿರುವುದನ್ನು ಸಿಟ್ಟು ಎಂದು ತಿಳಿದು ಸುಮ್ಮನಿರಬೇಡಿ. ನಿದ್ದೆ ಊಟ ತಪ್ಪಿದೆಯೇ, ಗೆಳೆಯರನ್ನು ಬಿಟ್ಟಿದ್ದಾನೆಯೇ, ‘ನಾನು ನಿಮಗೆ ಭಾರ’ ಎಂಬಂಥ ಮಾತು ಆಡಿದ್ದಾನೆಯೇ ಎಂದು ಗಮನಿಸಿ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎಷ್ಟೋ ಸಲ ಅದರಿಂದಲೇ ಮಾತು ಹೊರಬರುತ್ತದೆ. ಹೌದು ಎಂದರೆ ಅವನನ್ನು ಒಬ್ಬನನ್ನೇ ಬಿಡದೆ ಅಂದೇ ಮನೋವೈದ್ಯರ ಬಳಿಗೆ ಕರೆದೊಯ್ಯಿರಿ. ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲಿಯೇ ಸಿಗುತ್ತದೆ, ಅವನೂ ಮಾತಾಡಬಹುದು, ನೀವೂ ಮಾತಾಡಬಹುದು.

ಮಗಳ ಆಪ್ಷನ್ ಎಂಟ್ರಿಗೆ, ಅಂದರೆ ಸಿಇಟಿಯಲ್ಲಿ ಬೇಕಾದ ಕಾಲೇಜು ಮತ್ತು ಬ್ರಾಂಚ್‌ಗಳನ್ನು ಕ್ರಮವಾಗಿ ನಮೂದಿಸುವುದಕ್ಕೆ, ಇನ್ನೂ ದಿನಗಳಿವೆ. ಅಣಕು ಸೀಟು ಹಂಚಿಕೆಯ ಫಲಿತಾಂಶ ನೋಡಿದ ಮೇಲೆಯೂ ಕಾಲೇಜುಗಳ ಕ್ರಮವನ್ನು ಬದಲಿಸಲು ಅವಕಾಶ ಇರುತ್ತದೆ, ಆ ಪಟ್ಟಿಯನ್ನು ಅಪ್ಪ ಮಗಳು ಅಂಗಡಿಯಲ್ಲಿಯೇ ಕುಳಿತು ಬರೆಯಲಿ. ಮಗನ ವಿಷಯ ಅಲ್ಲಿಯವರೆಗೆ ಕಾಯುವುದು ಬೇಡ. ಈ ಭಾನುವಾರ ಅಂಗಡಿ ಮುಚ್ಚಿ ನಿಮ್ಮ ಯಜಮಾನರು ತಾವೇ ಹಾಸ್ಟೆಲ್ಲಿಗೆ ಹೋಗಲಿ, ನೀವಲ್ಲ, ಅವರೇ. ಅಂಕ, ಫೀಸು, ಸಂಬಂಧಿಕರು ಯಾವ ಮಾತನ್ನೂ ಎತ್ತದೆ ಅವನನ್ನು ಊಟಕ್ಕೆ ಕರೆದುಕೊಂಡು ಹೋಗಿ, ಅಜ್ಜನ ಆಸ್ಪತ್ರೆಯ ಆ ಇಪ್ಪತ್ತು ರಾತ್ರಿಗಳ ಬಗ್ಗೆ ಕೇಳಲಿ.